ಅಣ್ಣನ ಕಾಮಣಿ, ತಮ್ಮನ ನಡುಕ: ವಿಲ್ಸನ್ ರೋಗದ ಒಂದು ಪ್ರಕರಣ ಅಧ್ಯಯನ

ಮಿದುಳಿನ ಜೀವಕೋಶಗಳು ಹಂತಹಂತವಾಗಿ ನಶಿಸುವ ರೋಗಗಳಲ್ಲಿ ಹೆಚ್ಚಿನವನ್ನು ವೈದ್ಯಶಾಸ್ತ್ರ ಇಂದಿಗೂ ತಡೆದು ನಿಲ್ಲಿಸಲಾರದು. ಪಾರ್ಕಿನ್ಸನ್, ಅಲ್ಝೈಮರ್ ರೋಗಗಳಿಗೆ ಕೊಡುವ ಔಷಧಿಗಳು ಲಕ್ಷಣಗಳನ್ನು ಹಗುರ ಮಾಡುತ್ತವೆ, ಹೆಚ್ಚೆಂದರೆ ರೋಗದ ವೇಗವನ್ನು ತುಸು ತಗ್ಗಿಸುತ್ತವೆ. ಈ ಗುಂಪಿನಲ್ಲಿ ವಿಲ್ಸನ್ ರೋಗದ ಸ್ಥಾನವೇ ಬೇರೆ. ಯಕೃತ್ತು ಮತ್ತು ಮಿದುಳಿನಲ್ಲಿ ತಾಮ್ರ ಶೇಖರವಾಗುವುದರಿಂದ ಬರುವ ಈ ರೋಗವನ್ನು 1912ರಲ್ಲಿ ಕಿನಿಯರ್ ವಿಲ್ಸನ್ ವಿವರಿಸಿದಾಗ ಅದು ಸಾವಿನಲ್ಲೇ ಮುಗಿಯುವ ರೋಗವಾಗಿತ್ತು. 1956ರಲ್ಲಿ ಜಾನ್ ವಾಲ್ಶ್ ಪೆನಿಸಿಲಮೈನ್ ಬಳಕೆಗೆ ತಂದ ಮೇಲೆ ಅದು ಗುಳಿಗೆಗಳಿಂದ ನಿಲ್ಲಿಸಬಹುದಾದ ರೋಗವಾಯಿತು. ಆದರೆ ಗುಳಿಗೆ ಕೊಡುವ ಮೊದಲು ಯಾರಾದರೂ ರೋಗವನ್ನು ಗುರುತಿಸಬೇಕು. ನಮ್ಮ ಭಾಗದಲ್ಲಿ ತೊಡಕಿರುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಆ ಕಾರಣಕ್ಕಾಗಿಯೇ ಕಲಬುರಗಿಯ ಬೋಧನಾ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಕಂಡ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ. ಕುಟುಂಬದ ಗುರುತು ಸಿಗದಂತೆ ಊರು ಮತ್ತು ಕೆಲವು ವಿವರಗಳನ್ನು ಮರೆಮಾಡಲಾಗಿದೆ.

ಹಿನ್ನೆಲೆ

ರೋಗಿ ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಹದಿನಾರು ವರ್ಷದ ಹುಡುಗ. ತಂದೆ ತಾಯಿ ತೊಗರಿ ಮತ್ತು ಹತ್ತಿ ಬೆಳೆಯುವ ಸಣ್ಣ ರೈತರು. ತಾಯಿಯನ್ನು ಆಕೆಯ ಸ್ವಂತ ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದರು. ಇಂಥ ಸಂಬಂಧಗಳು ನಮ್ಮ ಕಡೆ ಸಾಮಾನ್ಯವಾಗಿರುವುದರಿಂದ ಈ ವಿಷಯ ಹಿಂದಿನ ಯಾವ ಆಸ್ಪತ್ರೆಯ ಚೀಟಿಯಲ್ಲೂ ದಾಖಲಾಗಿರಲಿಲ್ಲ. ಮನೆಯವರಿಗೆ ಅದು ಹೇಳಬೇಕಾದ ಸಂಗತಿ ಅನ್ನಿಸಿರಲಿಲ್ಲ, ಕೇಳುವವರಿಗೂ ಕೇಳಬೇಕೆನ್ನಿಸಿರಲಿಲ್ಲ.

ಹುಡುಗನಿಗೆ ಹದಿನಾಲ್ಕು ತುಂಬಿದಾಗ ಮೊದಲು ಕೆಟ್ಟದ್ದು ಕೈಬರಹ. ತಂದೆ ಮಗನ ನೋಟುಪುಸ್ತಕಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಎಂಟನೇ ತರಗತಿಯ ಪುಸ್ತಕದಲ್ಲಿ ಅಕ್ಷರಗಳು ದುಂಡಗೆ, ಗೆರೆಯ ಮೇಲೆ ಕೂತಿದ್ದವು. ಒಂಬತ್ತರ ಅರ್ಧಕ್ಕೆ ಬರುವಷ್ಟರಲ್ಲಿ ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಕಲಸಿಹೋಗಿದ್ದವು, ಸಾಲುಗಳು ಬಲಕ್ಕೆ ಹೋದಂತೆ ಕೆಳಗೆ ಜಾರುತ್ತಿದ್ದವು. ಹತ್ತನೇ ತರಗತಿಯ ಪುಸ್ತಕದಲ್ಲಿ ಒಂದು ಪುಟಕ್ಕೆ ನಾಲ್ಕೈದು ಸಾಲಿಗಿಂತ ಹೆಚ್ಚಿರಲಿಲ್ಲ, ಪೆನ್ನು ಒತ್ತಿದ ಜಾಗದಲ್ಲಿ ಹಾಳೆ ಹರಿದಿತ್ತು. ರೋಗ ಯಾವಾಗ ಶುರುವಾಯಿತು, ಎಷ್ಟು ವೇಗದಲ್ಲಿ ಸಾಗಿತು ಎಂಬುದಕ್ಕೆ ಯಾವ ಸ್ಕ್ಯಾನ್ ಕೂಡ ಇಷ್ಟು ಸ್ಪಷ್ಟ ಸಾಕ್ಷಿ ಕೊಡಲಾರದು. ಇಂಥ ಮಕ್ಕಳ ಹಳೆಯ ನೋಟುಪುಸ್ತಕಗಳನ್ನು ತರಲು ಹೇಳುವುದು ಅಂದಿನಿಂದ ನಮ್ಮ ವಾರ್ಡಿನ ರೂಢಿಯಾಗಿದೆ.

ಬರಹದ ಹಿಂದೆಯೇ ಮಾತು ದಪ್ಪವಾಯಿತು, ಜೊಲ್ಲು ಸುರಿಯತೊಡಗಿತು, ಸಣ್ಣ ಮಾತಿಗೂ ಸಿಟ್ಟು ಬರತೊಡಗಿತು. ಶಾಲೆಯಲ್ಲಿ ಅದನ್ನು ಓದಿನ ಮೇಲಿನ ಅಲಕ್ಷ್ಯ ಎಂದುಕೊಂಡರು. ಮನೆಯಲ್ಲಿ ಗಾಳಿ ಸೋಕಿದೆ ಎಂದು ಗಾಣಗಾಪುರಕ್ಕೂ, ಕಲಬುರಗಿಯ ಬಂದೇನವಾಜ್ ದರ್ಗಾಕ್ಕೂ ಕರೆದೊಯ್ದರು. ಅದಕ್ಕಾಗಿ ನಾನು ಅವರನ್ನು ದೂರುವುದಿಲ್ಲ. ಮಗ ಕಣ್ಣೆದುರೇ ಬೇರೆಯವನಾಗುತ್ತಿರುವಾಗ ತಂದೆ ತಾಯಿ ತಮಗೆ ಗೊತ್ತಿರುವ ಎಲ್ಲ ಬಾಗಿಲುಗಳನ್ನೂ ತಟ್ಟುತ್ತಾರೆ, ಆಸ್ಪತ್ರೆಯ ಬಾಗಿಲನ್ನೂ ಅವರು ತಟ್ಟಿದ್ದರು.

ಮೊದಲು ಏನೇನು ಪ್ರಯತ್ನವಾಯಿತು

ಮೊದಲನೆಯ ವೈದ್ಯರು ಸಿಟ್ಟು ಮತ್ತು ಒಂಟಿತನವನ್ನು ಮಾನಸಿಕ ಕಾಯಿಲೆ ಎಂದು ಭಾವಿಸಿ ಹಾಲೋಪೆರಿಡಾಲ್ ಕೊಟ್ಟರು. ಎರಡು ವಾರದೊಳಗೆ ಹುಡುಗನ ಕೈಕಾಲು ಮರದಂತೆ ಬಿಗಿದುಕೊಂಡವು, ದವಡೆ ತೆರೆಯುವುದೂ ಕಷ್ಟವಾಯಿತು. ಸಣ್ಣ ಪ್ರಮಾಣದ ಮನೋರೋಗದ ಔಷಧಿಗೆ ಇಷ್ಟು ತೀವ್ರವಾದ ಬಿಗಿತ ಬಂದರೆ, ಚಲನೆಯನ್ನು ನಿಯಂತ್ರಿಸುವ ಮಿದುಳಿನ ಒಳಗಂಟುಗಳು ಮೊದಲೇ ಹಾನಿಗೊಂಡಿವೆಯೇ ಎಂದು ಸಂಶಯಪಡಬೇಕು. ಇಲ್ಲಿ ಔಷಧಿ ನಿಲ್ಲಿಸಿದರು, ಸಂಶಯಕ್ಕೆ ಎಡೆ ಸಿಗಲಿಲ್ಲ. ನಂತರ ಪಕ್ಕದ ರಾಜ್ಯದ ನಗರದಲ್ಲಿ ಎಳೆಯ ವಯಸ್ಸಿನ ಪಾರ್ಕಿನ್ಸನ್ ಎಂದು ಹೇಳಿ ಲೆವೊಡೋಪಾ ಆರಂಭಿಸಲಾಯಿತು. ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ.

ಇವೆರಡರ ನಡುವೆ ಇನ್ನೊಂದು ಸುಳಿವು ಬಂದು ಹೋಗಿತ್ತು. ಹಿಂದಿನ ಮಳೆಗಾಲದಲ್ಲಿ ಜ್ವರ ಬಂದಾಗ ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 88,000 ಇತ್ತು. ಡೆಂಗ್ಯೂ ಪರೀಕ್ಷೆ ನೆಗೆಟಿವ್ ಬಂದರೂ ಚೀಟಿಯಲ್ಲಿ ಡೆಂಗ್ಯೂ ಎಂದೇ ಬರೆಯಲಾಗಿತ್ತು. ಜ್ವರ ಇಳಿದ ಮೇಲೆ ಯಾರೂ ಪ್ಲೇಟ್‌ಲೆಟ್ ಎಣಿಕೆಯನ್ನು ಮತ್ತೆ ಮಾಡಿಸಿರಲಿಲ್ಲ. ಗಟ್ಟಿಯಾದ ಯಕೃತ್ತಿನಿಂದ ಗುಲ್ಮ (ಸ್ಪ್ಲೀನ್) ದೊಡ್ಡದಾದಾಗಲೂ ಪ್ಲೇಟ್‌ಲೆಟ್ ಹೀಗೆಯೇ ಕಡಿಮೆಯಾಗುತ್ತದೆ.

ನಮ್ಮಲ್ಲಿಗೆ ಬಂದಾಗ ಹುಡುಗ ಎರಡೂ ಕಡೆ ಆಸರೆ ಹಿಡಿದು ನಡೆಯುತ್ತಿದ್ದ. ತೋಳು ಚಾಚಿ ಮೊಣಕೈ ಮಡಚಿ ಹಿಡಿಯಲು ಹೇಳಿದರೆ ಭುಜದಿಂದಲೇ ದೊಡ್ಡ ನಡುಕ ಬರುತ್ತಿತ್ತು. ಬಾಯಿ ಅರೆತೆರೆದು ಮುಖದಲ್ಲಿ ಬದಲಾಗದ ನಗೆ ನಿಂತಿತ್ತು. ಹೊಟ್ಟೆ ಮುಟ್ಟಿ ನೋಡಿದಾಗ ಎಡ ಪಕ್ಕೆಲುಬಿನ ಕೆಳಗೆ ಗುಲ್ಮ ಕೈಗೆ ಸಿಕ್ಕಿತು. ತಂದೆಗೆ ಬೇರೆ ಚಿಂತೆಯಿತ್ತು. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಸಿಕ್ಕ ಸುದ್ದಿ ಜಿಲ್ಲೆಯಲ್ಲೆಲ್ಲ ಗೊತ್ತಿರುವಂಥದ್ದು. ತಮ್ಮ ಬೋರ್‌ವೆಲ್ ನೀರಿನಲ್ಲೂ ಅದೇ ವಿಷ ಇರಬಹುದೇ ಎಂದು ಅವರು ಕೇಳಿದರು. ಅದು ಉತ್ತರಿಸಲೇಬೇಕಾದ ಪ್ರಶ್ನೆ. ಆರ್ಸೆನಿಕ್ ದೀರ್ಘಕಾಲ ದೇಹ ಸೇರಿದರೆ ಅಂಗೈ ಅಂಗಾಲಿನ ಚರ್ಮ ದಪ್ಪವಾಗಿ ಗಂಟುಗಟ್ಟುತ್ತದೆ, ಮೈಮೇಲೆ ಕಪ್ಪು ಬಿಳಿ ಚುಕ್ಕೆಗಳೇಳುತ್ತವೆ, ಪಾದಗಳಲ್ಲಿ ಜುಮುಗುಡುವಿಕೆ ಮತ್ತು ಉರಿ ಬರುತ್ತದೆ. ಹುಡುಗನಲ್ಲಿ ಇವು ಯಾವುವೂ ಇರಲಿಲ್ಲ. ಲೋಹದ ಸಂಶಯ ಸರಿಯಾಗಿತ್ತು, ಆದರೆ ಲೋಹ ಬೇರೆಯದು.

ತಿರುವು

ನಮ್ಮ ಕಿರಿಯ ವೈದ್ಯರು ಬರೆದ ಸಂಭವನೀಯ ರೋಗಗಳ ಪಟ್ಟಿಯಲ್ಲಿ ವಿಲ್ಸನ್ ಮೂರನೆಯದಾಗಿತ್ತು. ಅದನ್ನು ಮೊದಲನೆಯ ಸ್ಥಾನಕ್ಕೆ ತಂದವರು ರಾತ್ರಿ ಪಾಳಿಯ ಸ್ಟಾಫ್ ನರ್ಸ್. ಹಿಂದಿನ ಎಲ್ಲ ಚೀಟಿಗಳಲ್ಲಿ ‘ಒಡಹುಟ್ಟಿದವರು ಇಬ್ಬರು, ಆರೋಗ್ಯವಾಗಿದ್ದಾರೆ’ ಎಂದಿತ್ತು. ಅವರು ತಾಯಿಯನ್ನು ಕೇಳಿದ ಪ್ರಶ್ನೆ ಮಾತ್ರ ಬೇರೆ ರೀತಿಯಿತ್ತು: “ಯವ್ವಾ, ನಿಂಗ ಒಟ್ಟ ಎಷ್ಟ್ ಮಕ್ಕಳು ಹುಟ್ಟ್ಯಾವ?” ಆಗ ತಾಯಿ, “ನಾಕ್ ಮಂದಿರೀ. ದೊಡ್ಡಾಂವ ಕಾಮಣಿ ಆಗಿ ಹೋದಾರೀ” ಎಂದರು. ಹಿರಿಯ ಮಗ ಹನ್ನೊಂದನೇ ವಯಸ್ಸಿನಲ್ಲಿ ಕಾಮಾಲೆ ಬಂದು, ಮೂತ್ರ ಕೆಂಪುಗಪ್ಪಾಗಿ, ಹೊಟ್ಟೆ ಮತ್ತು ಕಾಲು ಬಾತು, ಒಂದು ತಿಂಗಳು ತುಂಬುವ ಮೊದಲೇ ತೀರಿಕೊಂಡಿದ್ದ. ಕಾಮಾಲೆಗೆ ಎಲೆಮದ್ದು ಹಾಕಿಸಿ, ನಂತರ ಆಸ್ಪತ್ರೆಗೂ ಸೇರಿಸಿದ್ದರು. ಅಣ್ಣನ ಕಾಮಾಲೆಗೂ ತಮ್ಮನ ನಡುಕಕ್ಕೂ ಸಂಬಂಧವಿರಬಹುದೆಂದು ಮನೆಯಲ್ಲಿ ಯಾರೂ ಊಹಿಸಿರಲಿಲ್ಲ. ಒಂದೇ ರೋಗ ಒಬ್ಬ ಮಗುವಿನ ಯಕೃತ್ತನ್ನೂ ಇನ್ನೊಬ್ಬನ ಮಿದುಳನ್ನೂ ಹಿಡಿಯಬಹುದು ಎಂಬುದು ಈ ರೋಗದ ಬಗ್ಗೆ ಎಲ್ಲರೂ ತಿಳಿದಿರಬೇಕಾದ ಮುಖ್ಯ ಸಂಗತಿ.

ಮರುದಿನ ಕಣ್ಣಿನ ವಿಭಾಗದ ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ಎರಡೂ ಕಣ್ಣುಗಳ ಕಾರ್ನಿಯಾದ ಅಂಚಿನ ಸುತ್ತ, ತಾಮ್ರ ಕೂತು ಆಗುವ ಹಸಿರುಗಂದು ಬಣ್ಣದ ಕೈಸರ್-ಫ್ಲೈಶರ್ ಉಂಗುರ ಕಂಡಿತು. ವಾರ್ಡಿನಲ್ಲಿ ಟಾರ್ಚ್ ಹಾಕಿ ನೋಡಿದಾಗ ಅದು ಕಂಡಿರಲಿಲ್ಲ. ನಮ್ಮ ಜನರ ಕಣ್ಣಿನ ಪಾಪೆಯ ಸುತ್ತಲಿನ ಭಾಗ ಕಡುಗಂದು, ಅದರ ಹಿನ್ನೆಲೆಯಲ್ಲಿ ಈ ಉಂಗುರ ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಟಾರ್ಚ್ ಬೆಳಕಿನಲ್ಲಿ ಕಾಣಲಿಲ್ಲವೆಂದು ವಿಲ್ಸನ್ ರೋಗವನ್ನು ತಳ್ಳಿಹಾಕುವುದು ತಪ್ಪು. ರಕ್ತದಲ್ಲಿ ತಾಮ್ರವನ್ನು ಹೊತ್ತೊಯ್ಯುವ ಪ್ರೋಟೀನಾದ ಸೆರುಲೋಪ್ಲಾಸ್ಮಿನ್ ಡೆಸಿಲೀಟರಿಗೆ 5 ಮಿಲಿಗ್ರಾಂ ಬಂತು, ಸಾಮಾನ್ಯವಾಗಿ ಅದು 20ಕ್ಕಿಂತ ಹೆಚ್ಚಿರಬೇಕು.

ಇಪ್ಪತ್ನಾಲ್ಕು ಗಂಟೆಯ ಮೂತ್ರದ ತಾಮ್ರದ ಮೊದಲ ವರದಿ ನಂಬಲಾರದಷ್ಟು ಹೆಚ್ಚಾಗಿ ಬಂತು. ವಿಚಾರಿಸಿದಾಗ, ಮನೆಯವರು ಮೂತ್ರವನ್ನು ಹಿತ್ತಾಳೆ ತಂಬಿಗೆಯಲ್ಲಿ ಹಿಡಿದು ಕ್ಯಾನಿಗೆ ಸುರಿದಿದ್ದರೆಂದು ತಿಳಿಯಿತು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ವರದಿ ನಮ್ಮ ಊಹೆಯನ್ನೇ ಬೆಂಬಲಿಸುತ್ತಿದ್ದರೂ ಅದನ್ನು ಬದಿಗಿಟ್ಟು, ಲೋಹದ ಅಂಶವಿಲ್ಲದಂತೆ ಆಮ್ಲದಿಂದ ತೊಳೆದ ಪ್ಲಾಸ್ಟಿಕ್ ಕ್ಯಾನ್ ಮತ್ತು ಪ್ಲಾಸ್ಟಿಕ್ ಮಗ್ ಕೊಟ್ಟು ಮತ್ತೆ ಸಂಗ್ರಹಿಸಿದೆವು. ಈ ಬಾರಿ 280 ಮೈಕ್ರೋಗ್ರಾಂ ಬಂತು. ಲಕ್ಷಣಗಳಿರುವ ರೋಗಿಗಳಲ್ಲಿ ಇದು ಸಾಮಾನ್ಯವಾಗಿ 100ನ್ನು ಮೀರುತ್ತದೆ. ಮುಂದೆ ಚಿಕಿತ್ಸೆಯ ಅಳತೆಗೋಲಾಗುವುದು ಇದೇ ಅಂಕಿಯಾದ್ದರಿಂದ ಅದು ಆರಂಭದಲ್ಲಿಯೇ ಸರಿಯಾಗಿರಬೇಕಿತ್ತು.

ಎಂಆರ್‌ಐನಲ್ಲಿ ಮಿದುಳಿನ ಒಳಗಂಟುಗಳಲ್ಲೂ ನಡುಮಿದುಳಿನಲ್ಲೂ ಬದಲಾವಣೆಗಳಿದ್ದವು. ಯಕೃತ್ತಿನ ತುಣುಕು ತೆಗೆದು ತಾಮ್ರ ಅಳೆಯಬೇಕೇ ಎಂಬ ಚರ್ಚೆಯೂ ನಡೆಯಿತು. 2001ರಲ್ಲಿ ಲೈಪ್‌ಜಿಗ್‌ನಲ್ಲಿ ರೂಪಿಸಿದ ಅಂಕಪದ್ಧತಿಯಂತೆ ನಾಲ್ಕು ಅಂಕ ಬಂದರೆ ರೋಗ ಖಚಿತ. ಉಂಗುರ, ನರಲಕ್ಷಣ, ಸೆರುಲೋಪ್ಲಾಸ್ಮಿನ್ ಮತ್ತು ಮೂತ್ರದ ತಾಮ್ರ ಸೇರಿ ಈ ಹುಡುಗನಿಗೆ ಆಗಲೇ ಎಂಟು ಅಂಕಗಳಾಗಿದ್ದವು. ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಯಕೃತ್ತಿಗೆ ಸೂಜಿ ಹಾಕುವುದು ರಕ್ತಸ್ರಾವಕ್ಕೆ ದಾರಿಯಾಗಬಹುದು. ಆದ್ದರಿಂದ ಬಯಾಪ್ಸಿ ಕೈಬಿಟ್ಟೆವು.

ತಾಮ್ರ ಮತ್ತು ಕಿಣ್ವಗಳು

ಭಾರ ಲೋಹಗಳು ನರಮಂಡಲವನ್ನು ಕೆಡಿಸುವ ಒಂದು ಮುಖ್ಯ ದಾರಿ ಕಿಣ್ವಗಳ ಮೂಲಕ ಸಾಗುತ್ತದೆ. ಸೀಸವು ರಕ್ತದ ಕೆಂಪು ಬಣ್ಣಕ್ಕೆ ಕಾರಣವಾದ ಹೀಮ್ ತಯಾರಿಕೆಗೆ ಬೇಕಾದ ಅಮಿನೊಲೆವುಲಿನಿಕ್ ಆಮ್ಲದ ಡಿಹೈಡ್ರಟೇಸ್ ಕಿಣ್ವದಲ್ಲಿರುವ ಸತುವನ್ನು ಹೊರದೂಡಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಆರ್ಸೆನಿಕ್ ಲಿಪೋಯಿಕ್ ಆಮ್ಲಕ್ಕೆ ಅಂಟಿಕೊಂಡು ಪೈರುವೇಟ್ ಡಿಹೈಡ್ರೋಜಿನೇಸ್ ಕಿಣ್ವವನ್ನು ತಡೆದು, ಜೀವಕೋಶಕ್ಕೆ ಶಕ್ತಿ ಸಿಗದಂತೆ ಮಾಡುತ್ತದೆ. ಇವೆರಡೂ ದೇಹಕ್ಕೆ ಬೇಕಿಲ್ಲದ ಲೋಹಗಳು. ತಾಮ್ರ ಹಾಗಲ್ಲ. ಜೀವಕೋಶದಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಸೈಟೊಕ್ರೋಮ್ ಆಕ್ಸಿಡೇಸ್, ವಿಷಕಾರಿ ಆಮ್ಲಜನಕದ ಕಣಗಳನ್ನು ಅಡಗಿಸುವ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಡೋಪಮೈನನ್ನು ನಾರ್‌ಅಡ್ರಿನಲಿನ್ ಆಗಿ ಪರಿವರ್ತಿಸುವ ಹೈಡ್ರಾಕ್ಸಿಲೇಸ್, ಇವೆಲ್ಲ ತಾಮ್ರವಿಲ್ಲದೆ ಕೆಲಸ ಮಾಡಲಾರವು.

ಆಹಾರದಿಂದ ಬಂದ ತಾಮ್ರ ಯಕೃತ್ತನ್ನು ಸೇರಿದ ಮೇಲೆ ಎಟಿಪಿ7ಬಿ ಎಂಬ ಪ್ರೋಟೀನು ಎರಡು ಕೆಲಸ ಮಾಡುತ್ತದೆ. ತಾಮ್ರವನ್ನು ಸೆರುಲೋಪ್ಲಾಸ್ಮಿನ್‌ಗೆ ಜೋಡಿಸಿ ರಕ್ತಕ್ಕೆ ಕಳಿಸುತ್ತದೆ, ಹೆಚ್ಚಾದದ್ದನ್ನು ಪಿತ್ತರಸದ ಮೂಲಕ ಹೊರಹಾಕುತ್ತದೆ. ಈ ಪ್ರೋಟೀನು ಸ್ವತಃ ಒಂದು ಕಿಣ್ವ, ಎಟಿಪಿ ಎಂಬ ಶಕ್ತಿಯ ಅಣುವನ್ನು ಒಡೆದು ಆ ಶಕ್ತಿಯಿಂದ ತಾಮ್ರವನ್ನು ಸಾಗಿಸುವ ಪಂಪು. ಇದರ ವಂಶವಾಹಿಯನ್ನು 1993ರಲ್ಲಿ ಗುರುತಿಸಲಾಯಿತು. ತಂದೆಯಿಂದಲೂ ತಾಯಿಯಿಂದಲೂ ಅದರ ಕೆಟ್ಟ ಪ್ರತಿಯೇ ಬಂದರೆ ಪಂಪು ನಿಲ್ಲುತ್ತದೆ. ರಕ್ತಸಂಬಂಧದೊಳಗಿನ ಮದುವೆಗಳಲ್ಲಿ ಹೀಗಾಗುವ ಸಾಧ್ಯತೆ ಹೆಚ್ಚು. ಯಕೃತ್ತಿನಲ್ಲಿ ತಾಮ್ರ ತುಂಬಿ, ಅಲ್ಲಿಂದ ಸೋರಿ ರಕ್ತಕ್ಕೂ ಮಿದುಳಿಗೂ ಹೋಗುತ್ತದೆ. ಹೀಗೆ ಯಾವುದಕ್ಕೂ ಕಟ್ಟಿಕೊಳ್ಳದೆ ಸಡಿಲವಾಗಿ ಉಳಿದ ತಾಮ್ರ ಹೈಡ್ರೋಜನ್ ಪೆರಾಕ್ಸೈಡಿನಿಂದ ತೀಕ್ಷ್ಣ ಕಣಗಳನ್ನು ಹುಟ್ಟಿಸುತ್ತದೆ, ಕಿಣ್ವಗಳ ಗಂಧಕದ ಗುಂಪುಗಳಿಗೆ ಅಂಟಿ ಅವುಗಳ ಕೆಲಸ ಕೆಡಿಸುತ್ತದೆ, ಮೈಟೊಕಾಂಡ್ರಿಯಾಗಳನ್ನು ಹಾಳುಮಾಡುತ್ತದೆ. ಕಿಣ್ವಗಳನ್ನು ನಡೆಸುವ ಲೋಹವೇ ಅಂಕೆ ತಪ್ಪಿದಾಗ ಕಿಣ್ವಗಳಿಗೆ ವಿಷವಾಗುತ್ತದೆ.

ಇದನ್ನು ವಿವರಿಸುವಾಗ ತಾಯಿ ಮೆಲ್ಲಗೆ ಕೇಳಿದ ಪ್ರಶ್ನೆ ಇದು: “ನಾ ದಿನಾ ತಾಮ್ರದ ಕೊಡದಾಗಿನ ನೀರು ಕುಡಿಸೀನ್ರಿ. ಅದಕ್ಕ ಹೀಂಗಾಯ್ತೇನ್ರಿ?” ಇಲ್ಲವೆಂದು ಆಕೆಗೆ ಸ್ಪಷ್ಟವಾಗಿ ಹೇಳಬೇಕಿತ್ತು, ಹೇಳಿದೆವು. ಅದೇ ಕೊಡದ ನೀರನ್ನು ಇಡೀ ಮನೆ ಕುಡಿದಿದೆ. ಪಂಪು ಸರಿಯಿರುವವರ ದೇಹ ಹೆಚ್ಚಿನ ತಾಮ್ರವನ್ನು ಹೊರಹಾಕುತ್ತದೆ. ರೋಗ ಬಂದದ್ದು ಕೊಡದಿಂದಲ್ಲ. ಆದರೂ ಈ ಮಗನಿಗೆ ಇನ್ನು ಮುಂದೆ ಸ್ಟೀಲ್ ಪಾತ್ರೆಯ ನೀರೇ ಆಗಬೇಕು ಎಂದೆವು. ಹಾಗೆಯೇ ಮೊದಲ ವರ್ಷವಾದರೂ ಶೇಂಗಾ ಹಿಂಡಿ, ಎಳ್ಳು, ಗೋಡಂಬಿ, ಅಣಬೆ, ಕಲೇಜಿ, ಚಾಕೊಲೇಟ್ ಬಿಡಬೇಕೆಂದೂ, ಜೋಳದ ರೊಟ್ಟಿ ಮತ್ತು ತೊಗರಿಬೇಳೆಗೆ ಅಡ್ಡಿಯಿಲ್ಲವೆಂದೂ ತಿಳಿಸಿದೆವು. ಶೇಂಗಾ ಹಿಂಡಿ ಇಲ್ಲದ ಊಟ ಈ ಭಾಗದ ಮನೆಯಲ್ಲಿ ಸಣ್ಣ ತ್ಯಾಗವಲ್ಲ. ಪಥ್ಯವೊಂದರಿಂದಲೇ ರೋಗ ನಿಲ್ಲುವುದಿಲ್ಲ ಎಂಬುದನ್ನೂ ಒತ್ತಿ ಹೇಳಿದೆವು, ಏಕೆಂದರೆ ಪಥ್ಯ ಹಿಡಿದವರು ಗುಳಿಗೆ ಬಿಡುವ ಅಪಾಯ ಇದ್ದೇ ಇರುತ್ತದೆ.

ಚಿಕಿತ್ಸೆ ಮತ್ತು ಹದಗೆಟ್ಟ ವಾರಗಳು

ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಪೆನಿಸಿಲಮೈನನ್ನು ದಿನಕ್ಕೆ 250 ಮಿಲಿಗ್ರಾಂನಿಂದ ಆರಂಭಿಸಿ, ಜೊತೆಗೆ ಪಿರಿಡಾಕ್ಸಿನ್ (ಬಿ6 ಜೀವಸತ್ವ) ಕೊಟ್ಟೆವು. ಮೂರನೇ ವಾರ ಪ್ರಮಾಣ 750 ಮಿಲಿಗ್ರಾಂ ತಲುಪಿದಾಗ ಹುಡುಗನ ಸ್ಥಿತಿ ಹದಗೆಟ್ಟಿತು. ಎಡಪಾದ ಒಳಕ್ಕೆ ತಿರುಚಿಕೊಂಡಿತು, ನೀರು ನುಂಗಿದರೂ ಕೆಮ್ಮು ಬರತೊಡಗಿತು, ಇದ್ದ ಅಲ್ಪ ಮಾತೂ ನಿಂತಿತು. ತಂದೆ, “ಗುಳಿಗಿ ಚಾಲೂ ಮಾಡಿದ ಮ್ಯಾಲೇ ಹೀಂಗ ಆಗ್ಯಾದ್ರಿ ಸರ, ನಮ್ಗ ಡಿಸ್ಚಾರ್ಜ್ ಮಾಡಿಬಿಡ್ರಿ” ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ. ನರಲಕ್ಷಣಗಳಿರುವ ವಿಲ್ಸನ್ ರೋಗಿಗಳಲ್ಲಿ ಗಣನೀಯ ಪಾಲಿನವರು ಪೆನಿಸಿಲಮೈನ್ ಆರಂಭಿಸಿದ ಮೊದಲ ವಾರಗಳಲ್ಲಿ ಹೀಗೆ ಹದಗೆಡುತ್ತಾರೆ. ಯಕೃತ್ತಿನಿಂದ ಒಮ್ಮೆಲೇ ಬಿಡುಗಡೆಯಾದ ತಾಮ್ರ ಮಿದುಳನ್ನು ತಲುಪುವುದೇ ಇದಕ್ಕೆ ಕಾರಣವೆಂದು ನಂಬಲಾಗಿದೆ. ಇಂಥ ಸಾಧ್ಯತೆಯನ್ನು ಗುಳಿಗೆ ಆರಂಭಿಸುವ ಮೊದಲೇ ತಂದೆಗೆ ಹೇಳಿ, ಚೀಟಿಯಲ್ಲೂ ಬರೆದುಕೊಟ್ಟಿದ್ದೆವು. ಆ ಒಂದು ಚೀಟಿ ಇಲ್ಲದಿದ್ದರೆ ಅವರು ಆ ರಾತ್ರಿಯೇ ಮಗನನ್ನು ಕರೆದುಕೊಂಡು ಹೋಗುತ್ತಿದ್ದರೆಂದು ನನಗೆ ಖಾತ್ರಿಯಿದೆ.

ನಮ್ಮ ಮುಂದೆ ಮೂರು ದಾರಿಗಳಿದ್ದವು. ಔಷಧಿಯನ್ನು ಪೂರ್ತಿ ನಿಲ್ಲಿಸಿದರೆ ರೋಗ ಮುಂದುವರಿಯುತ್ತದೆ. ಅದೇ ಪ್ರಮಾಣದಲ್ಲಿ ಮುಂದುವರಿಸಿದರೆ ಹಾನಿ ಶಾಶ್ವತವಾಗಬಹುದು. ಟ್ರಯೆಂಟಿನ್ ಎಂಬ ಇನ್ನೊಂದು ಔಷಧಿ ಆ ಕುಟುಂಬಕ್ಕೆ ಎಟುಕುವಂತಿರಲಿಲ್ಲ. ಪೆನಿಸಿಲಮೈನನ್ನು 125 ಮಿಲಿಗ್ರಾಂಗೆ ಇಳಿಸಿ, ಸತುವನ್ನು ಸೇರಿಸುವ ನಡುದಾರಿ ಹಿಡಿದೆವು. ಸತುವು ಕರುಳಿನ ಒಳಪದರದ ಕೋಶಗಳಲ್ಲಿ ಮೆಟಲೋಥಯೊನೀನ್ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ಅದು ಆಹಾರದ ತಾಮ್ರವನ್ನು ಅಲ್ಲಿಯೇ ಹಿಡಿದಿಡುತ್ತದೆ, ಆ ಕೋಶಗಳು ಉದುರಿದಾಗ ತಾಮ್ರವೂ ಮಲದೊಂದಿಗೆ ಹೊರಹೋಗುತ್ತದೆ. ಸತುವಿನ ಪರಿಣಾಮ ನಿಧಾನ, ಆದರೆ ಯಕೃತ್ತಿನಿಂದ ತಾಮ್ರವನ್ನು ಕೆದಕಿ ಹೊರಡಿಸುವುದಿಲ್ಲ. ಎರಡು ಔಷಧಿಗಳು ಹೊಟ್ಟೆಯಲ್ಲಿ ಒಂದನ್ನೊಂದು ಕಟ್ಟಿಹಾಕದಂತೆ ಅವುಗಳ ನಡುವೆ ಗಂಟೆಗಳ ಅಂತರವಿಟ್ಟೆವು. ಮೂಗಿನ ನಳಿಕೆಯ ಮೂಲಕ ಗಂಜಿ ಮತ್ತು ಹಾಲು ಕೊಟ್ಟೆವು. ಪ್ರಮಾಣವನ್ನು ಮತ್ತೆ ಏರಿಸಿದ್ದು ತಿಂಗಳುಗಳ ಅವಧಿಯಲ್ಲಿ, ಅದೂ ಪ್ರತಿ ಹಂತದಲ್ಲಿ ರಕ್ತಕಣಗಳ ಎಣಿಕೆ ಮತ್ತು ಮೂತ್ರದ ಪ್ರೋಟೀನ್ ನೋಡಿಕೊಂಡು.

ನುಂಗುವ ಶಕ್ತಿ ಮರಳಲು ನಾಲ್ಕು ತಿಂಗಳು ಹಿಡಿಯಿತು. ಒಂದು ವರ್ಷದ ಹೊತ್ತಿಗೆ ಆಸರೆಯಿಲ್ಲದೆ ನಡೆಯುತ್ತಿದ್ದ. ಮಾತು ನಿಧಾನವಾದರೂ ಹೊರಗಿನವರಿಗೂ ಅರ್ಥವಾಗುತ್ತಿತ್ತು. ಕಣ್ಣಿನ ಉಂಗುರ ತೆಳುವಾಗಿತ್ತು. ಎಡಪಾದದ ತಿರುಚು ಪೂರ್ತಿ ಹೋಗಿಲ್ಲ, ಹೋಗುವ ಭರವಸೆಯನ್ನೂ ನಾವು ಕೊಟ್ಟಿಲ್ಲ. ವಿಜ್ಞಾನ ಓದುವ ಆಸೆ ಬಿಟ್ಟು ಈಗ ಕಾಕಾನ ಕಿರಾಣಿ ಅಂಗಡಿಯಲ್ಲಿ ಉದ್ರಿ ಲೆಕ್ಕ ಬರೆಯುತ್ತಾನೆ. ಎರಡು ವರ್ಷ ಮೊದಲೇ ಗುರುತಿಸಿದ್ದರೆ ಅವನು ಕಾಲೇಜಿನಲ್ಲಿರುತ್ತಿದ್ದ ಎಂಬ ಬೇಸರ ನನಗಿದೆ. ಅದನ್ನು ಮುಚ್ಚಿಟ್ಟು ಈ ಪ್ರಕರಣವನ್ನು ಯಶಸ್ಸಿನ ಕಥೆಯಾಗಿ ಹೇಳುವುದು ಸರಿಯಲ್ಲ.

ಆರೋಗ್ಯವಾಗಿದ್ದ ತಂಗಿ

ಈ ಪ್ರಕರಣದ ಅತ್ಯಂತ ಮಹತ್ವದ ನಿರ್ಧಾರ ರೋಗಿಯ ಬಗೆಗಿನದಲ್ಲ, ಹದಿಮೂರು ವರ್ಷದ ಅವನ ತಂಗಿಯ ಬಗೆಗಿನದು ಎಂದು ನಾನು ಭಾವಿಸುತ್ತೇನೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದಾಗ, ಅಂದರೆ ಇಬ್ಬರಲ್ಲೂ ಒಂದೊಂದು ಪ್ರತಿ ಮಾತ್ರ ಕೆಟ್ಟಿದ್ದಾಗ, ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಬ್ಬರಿಗೆ ಬಂದಿತೆಂದು ಇನ್ನೊಬ್ಬರ ಅಪಾಯ ಕಡಿಮೆಯಾಗುವುದಿಲ್ಲ. ಹುಡುಗಿ ಚೆನ್ನಾಗಿ ಓದುತ್ತಿದ್ದಳು, ಯಾವ ತೊಂದರೆಯೂ ಇರಲಿಲ್ಲ. ಆದರೆ ಸೆರುಲೋಪ್ಲಾಸ್ಮಿನ್ 8, ಮೂತ್ರದ ತಾಮ್ರ 95, ಯಕೃತ್ತಿನ ಕಿಣ್ವ ಎಸ್‌ಜಿಪಿಟಿ ದುಪ್ಪಟ್ಟು ಇತ್ತು. ಎಂಟು ವರ್ಷದ ಕಿರಿಯ ಮಗನ ಸೆರುಲೋಪ್ಲಾಸ್ಮಿನ್ 17 ಬಂದು ಗೊಂದಲ ಹುಟ್ಟಿಸಿತು, ಏಕೆಂದರೆ ಬರೀ ವಾಹಕರಲ್ಲೂ ಅದು ಸ್ವಲ್ಪ ಕಡಿಮೆ ಇರಬಹುದು. ನಮ್ಮ ರೋಗಿಯಲ್ಲಿ ಕಂಡ ವಂಶವಾಹಿಯ ದೋಷವನ್ನೇ ಇಬ್ಬರಲ್ಲೂ ಹುಡುಕಿಸಿದಾಗ ತಂಗಿಯಲ್ಲಿ ಎರಡೂ ಪ್ರತಿ ಕೆಟ್ಟಿದ್ದವು, ಕಿರಿಯವನಲ್ಲಿ ಒಂದೇ. ಅವನಿಗೆ ಚಿಕಿತ್ಸೆ ಬೇಕಿಲ್ಲ.

ತಂಗಿಗೆ ಗುಳಿಗೆ ಎಂದಾಗ ಮನೆಯಲ್ಲಿ ವಿರೋಧ ಬಂತು. ಆರಾಮಿದ್ದ ಹುಡುಗಿಯನ್ನು ರೋಗಿ ಮಾಡಿದರೆ ನಾಳೆ ಮದುವೆಯ ಮಾತು ಬಂದಾಗ ಏನು ಹೇಳುವುದು ಎಂಬುದು ಅಜ್ಜಿಯ ಆತಂಕ. ಸೋದರಮಾವನ ಮಗನಿಗೇ ಆಕೆಯನ್ನು ಕೊಡುವ ಮಾತು ಆಗಲೇ ನಡೆದಿತ್ತು. ಈ ಸಂಬಂಧ ಬೇಡವೆಂದು ಅಪ್ಪಣೆ ಕೊಡುವ ಅಧಿಕಾರ ವೈದ್ಯರಿಗಿಲ್ಲ. ಆ ಹುಡುಗ ವಾಹಕನಾಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ರೋಗದ ಸಾಧ್ಯತೆ ಎರಡರಲ್ಲಿ ಒಂದಾಗುತ್ತದೆ ಎಂಬುದನ್ನು ಚಿತ್ರ ಬರೆದು ತೋರಿಸಿದೆವು. ಗುಳಿಗೆ ತಪ್ಪದೆ ತೆಗೆದುಕೊಂಡ ಹೆಣ್ಣುಮಕ್ಕಳು ಮದುವೆಯಾಗಿ, ಗರ್ಭಿಣಿಯಿದ್ದಾಗಲೂ ಚಿಕಿತ್ಸೆ ಮುಂದುವರಿಸಿ, ಆರೋಗ್ಯವಂತ ಮಕ್ಕಳನ್ನು ಹೆತ್ತಿದ್ದಾರೆ ಎಂಬುದನ್ನೂ ಹೇಳಿದೆವು. ಗುಳಿಗೆ ಬಿಟ್ಟರೆ ಏನಾಗಬಹುದು ಎಂಬುದನ್ನು ನಾವು ಹೇಳಬೇಕಾಗಲಿಲ್ಲ, ತಾಯಿಯೇ ಹಿರಿಯ ಮಗನ ಹೆಸರು ಹಿಡಿದು ಅತ್ತೆಗೆ ಹೇಳಿದರು.

ಹುಡುಗಿಗೆ ದಿನಕ್ಕೆ ಮೂರು ಬಾರಿ 25 ಮಿಲಿಗ್ರಾಂ ಸತುವು ಮಾತ್ರ ಸಾಕೆಂದು ತೀರ್ಮಾನಿಸಿದೆವು. ಲಕ್ಷಣಗಳಿಲ್ಲದವರಿಗೆ ಅದು ಒಪ್ಪಿತ ಚಿಕಿತ್ಸೆ, ಬೆಲೆಯೂ ಕಡಿಮೆ. ಎಸ್‌ಜಿಪಿಟಿ ಎಂಟು ತಿಂಗಳಲ್ಲಿ ಸಹಜ ಮಟ್ಟಕ್ಕೆ ಬಂತು. ಆದರೆ ನಂತರದ ತಪಾಸಣೆಯಲ್ಲಿ ಮೂತ್ರದ ತಾಮ್ರ ಮತ್ತೆ ಏರಿತ್ತು, ಮೂತ್ರದ ಸತುವು ಇಳಿದಿತ್ತು. ಗುಳಿಗೆ ಹೊಟ್ಟೆ ಸೇರುತ್ತಿಲ್ಲ ಎಂಬುದಕ್ಕೆ ಅಷ್ಟು ಸಾಕು. ಕೇಳಿದಾಗ, ಮಧ್ಯಾಹ್ನದ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆಂದೂ, ಗೆಳತಿಯರು ಯಾವ ರೋಗವೆಂದು ಕೇಳುತ್ತಾರೆಂದೂ ಹೇಳಿದಳು. ಬೈಯುವ ಬದಲು ವೇಳೆಯನ್ನೇ ಬದಲಿಸಿದೆವು: ಬೆಳಗ್ಗೆ ಎದ್ದ ಕೂಡಲೇ ಒಂದು, ಶಾಲೆಯಿಂದ ಬಂದು ಸಂಜೆ ಏನೂ ತಿನ್ನುವ ಮೊದಲು ಒಂದು, ಮಲಗುವಾಗ ಒಂದು. ಸತುವಿನ ಮೇಲಿರುವವರ ಮೂತ್ರದ ತಾಮ್ರ ದಿನಕ್ಕೆ 75 ಮೈಕ್ರೋಗ್ರಾಂಗಿಂತ ಕೆಳಗಿರಬೇಕು, ಕಳೆದ ತಪಾಸಣೆಯಲ್ಲಿ ಆಕೆಯದು 62 ಇತ್ತು. ಮುಂದಿನ ಪರೀಕ್ಷೆ ಆರು ತಿಂಗಳಿಗೆ, ಸ್ಲಿಟ್ ಲ್ಯಾಂಪ್ ವರ್ಷಕ್ಕೊಮ್ಮೆ. ಸೋದರಮಾವನ ಮಗನ ರಕ್ತವನ್ನೂ ಪರೀಕ್ಷಿಸಬಹುದೇ ಎಂದು ಈ ಬಾರಿ ಕೇಳಿದವರು ಅಜ್ಜಿ.